ಟ್ರ್ಯಾಕ್ಟರಿನ ನೀರಿನ ಪಂಪು: ದುರಸ್ತಿಯೋ, ಬದಲಾವಣೆಯೋ?

ಡೀಸೆಲ್ ಉರಿದಾಗ ಹುಟ್ಟುವ ಶಾಖವನ್ನೆಲ್ಲ ಎಂಜಿನ್ನು ಕೆಲಸವನ್ನಾಗಿ ಮಾರ್ಪಡಿಸಲಾರದು. ಸ್ಥೂಲವಾಗಿ ಹೇಳುವುದಾದರೆ, ಮೂರರಲ್ಲೊಂದು ಪಾಲು ಕೆಲಸಕ್ಕೆ ಒದಗುತ್ತದೆ. ಇನ್ನೊಂದು ಪಾಲು ಹೊಗೆಯೊಡನೆ ಹೊರಟುಹೋಗುತ್ತದೆ. ಉಳಿದುದರಲ್ಲಿ ಬಹುಭಾಗವನ್ನು ನೀರು ಹೊತ್ತೊಯ್ಯಬೇಕು. ಒಯ್ಯದಿದ್ದರೆ ಪಿಸ್ಟನ್ನು ಹಿಗ್ಗಿ ಸಿಲಿಂಡರನ್ನು ಕಚ್ಚಿ ಹಿಡಿಯುತ್ತದೆ. ಎಂಜಿನ್ನಿನ ತಲೆಭಾಗ ಬಿರಿಯಲೂಬಹುದು. ಕಾವೇರಿಯ ಕಾಲುವೆ ಬಯಲಿನಲ್ಲಿ ಕೆಸರುಗದ್ದೆಯನ್ನು ಉಳುತ್ತಿರುವಾಗ ಇಂಥ ವಿಪತ್ತು ಒದಗಿದರೆ, ರೈತನಿಗೆ ಹಣದೊಡನೆ ನಾಟಿಯ ಹದವೂ ಕೈತಪ್ಪುತ್ತದೆ.

1917ರಲ್ಲಿ ಹೊರಬಂದ ಫೋರ್ಡ್‌ಸನ್ ಟ್ರ್ಯಾಕ್ಟರಿಗೆ ನೀರಿನ ಪಂಪೇ ಇರಲಿಲ್ಲ. ಕಾದ ನೀರು ಹಗುರವಾಗಿ ಮೇಲೇರುವುದು, ತಣಿದ ನೀರು ಕೆಳಗಿಳಿಯುವುದು ಎಂಬ ನಿಯಮವೊಂದನ್ನೇ ಅದು ನಂಬಿತ್ತು. ಎಂಜಿನ್ನುಗಳ ಶಕ್ತಿ ಹೆಚ್ಚಿದಂತೆ ಈ ಮಂದಗತಿ ಸಾಲದಾಯಿತು.

ಪಂಪಿನ ರಚನೆ ಸರಳ. ಬೆಲ್ಟು ತಿರುಗಿಸುವ ಒಂದು ದಂಡ. ಅದನ್ನು ಹೊರುವ ಬೇರಿಂಗು. ದಂಡದ ತುದಿಯಲ್ಲಿ ರೆಕ್ಕೆಗಳುಳ್ಳ ಚಕ್ರ. ರೇಡಿಯೇಟರಿನ ತಳದಿಂದ ಬಂದ ನೀರು ಚಕ್ರದ ನಡುವನ್ನು ಸೇರಿ, ರೆಕ್ಕೆಗಳೊಡನೆ ಸುತ್ತಿ, ಅಂಚಿನಿಂದ ಹೊರಚಿಮ್ಮಿ ಎಂಜಿನ್ನಿನೊಳಕ್ಕೆ ನುಗ್ಗುತ್ತದೆ. ನೀರು ಬೇರಿಂಗಿಗೆ ತಾಗದಂತೆ ನಡುವೆ ಒಂದು ಸೀಲು ಕಾವಲಿರುತ್ತದೆ.

ಇಲ್ಲಿ ಊರಿನ ಎತ್ತರಕ್ಕೂ ಒಂದು ಪಾತ್ರವುಂಟು. ಮೈಸೂರು ಸಮುದ್ರಮಟ್ಟದಿಂದ ಸುಮಾರು 770 ಮೀಟರು ಮೇಲಿದೆ. ಕೃಷ್ಣಮೂರ್ತಿಪುರಂನ ಮನೆಯೊಂದರಲ್ಲಿ ಕುದಿಯುವ ನೀರಿಗೆ ಉಷ್ಣತಾಮಾಪಕವನ್ನಿಟ್ಟು ನೋಡಿದರೆ, ಪಾದರಸವು 100 ಡಿಗ್ರಿಯನ್ನು ಮುಟ್ಟದೆ 97ರಿಂದ 98 ಡಿಗ್ರಿಗಳ ನಡುವೆ ನಿಲ್ಲುವುದನ್ನು ನಾವು ಕಾಣುತ್ತೇವೆ. ವಾಯುವಿನ ಒತ್ತಡ ಕಡಿಮೆಯಾದುದೇ ಇದಕ್ಕೆ ಕಾರಣ. ರೇಡಿಯೇಟರಿನ ಬಿಗಿಮುಚ್ಚಳವು ಸುಮಾರು ಅರ್ಧ ವಾಯುಭಾರದಷ್ಟು ಹೆಚ್ಚಿನ ಒತ್ತಡವನ್ನು ಒಳಗೆ ಹಿಡಿದಿಟ್ಟರೆ, ಅದೇ ನೀರು 109 ಡಿಗ್ರಿಯವರೆಗೆ ಕುದಿಯದು. ಬಿಸಿ ಎಂಜಿನ್ನಿನ ಮುಚ್ಚಳವನ್ನು ತೆರೆದೊಡನೆ ಒತ್ತಡವಿಳಿದು, ನೀರು ಒಮ್ಮೆಗೇ ಕುದಿದು ಮುಖಕ್ಕೆ ಚಿಮ್ಮುವುದೂ ಇದರಿಂದಲೇ. ಎಂಜಿನ್ನು ತಣಿಯದೆ ಮುಚ್ಚಳವನ್ನು ಮುಟ್ಟಲೇಬಾರದು.

ಪಂಪಿನ ಕೆಳಭಾಗದಲ್ಲಿ, ಸೀಲಿಗೂ ಬೇರಿಂಗಿಗೂ ನಡುವೆ, ಒಂದು ಸಣ್ಣ ರಂಧ್ರವಿರುತ್ತದೆ. ಸೀಲು ಸವೆದಾಗ ನೀರು ಅಲ್ಲಿಂದ ತೊಟ್ಟಿಕ್ಕುತ್ತದೆ. ಇದನ್ನು ದೋಷವೆಂದು ತಿಳಿದು ರಂಧ್ರಕ್ಕೆ ಬೆಣೆ ಹೊಡೆಯುವವರುಂಟು. ಆಗ ನೀರು ಬೇರಿಂಗನ್ನು ಹೊಕ್ಕು ಗ್ರೀಸನ್ನು ತೊಳೆದುಬಿಡುತ್ತದೆ, ದಂಡ ಅಲುಗುತ್ತದೆ, ಕೊನೆಗೆ ಪಂಪಿಗೆ ಜೋಡಿಸಿದ ಫ್ಯಾನು ರೇಡಿಯೇಟರಿಗೆ ಬಡಿದು ಅದನ್ನೂ ಹರಿಯುತ್ತದೆ. ಆ ರಂಧ್ರ ದೂತನಿದ್ದಂತೆ. ದೂತನ ಬಾಯಿ ಮುಚ್ಚಿದರೆ ಶತ್ರು ಹಿಂದಿರುಗುವುದಿಲ್ಲ.

ಹಾಗಾದರೆ ದುರಸ್ತಿಯೋ, ಹೊಸ ಪಂಪೋ? ಹೊರಮೈ ಬಿರಿಯದೆ, ಬೇರಿಂಗು ಮತ್ತು ಸೀಲು ಕೂರುವ ಸ್ಥಾನಗಳು ಸವೆಯದೆ ಇದ್ದರೆ ದುರಸ್ತಿ ಸಾಧ್ಯ. ಆಗ ಸೀಲು, ಬೇರಿಂಗು, ಗ್ಯಾಸ್ಕೆಟ್ಟುಗಳನ್ನು ಒಟ್ಟಿಗೇ ಬದಲಾಯಿಸುವುದು ಲೇಸು. ಇವುಗಳನ್ನು ಸುತ್ತಿಗೆಯಿಂದ ಹೊಡೆಯದೆ, ಒತ್ತುಯಂತ್ರದಿಂದ ನೇರವಾಗಿ ಕೂರಿಸಬೇಕು. ಸೀಲಿನ ನುಣುಪು ಮುಖಕ್ಕೆ ಎಣ್ಣೆಗೈ ಸೋಕಬಾರದು. ರೆಕ್ಕೆಚಕ್ರಕ್ಕೂ ಹೊರಮೈಗೂ ಇರುವ ಎಡೆ ತಯಾರಕರು ಹೇಳಿದಷ್ಟೇ ಇರಬೇಕು. ಹೆಚ್ಚಾದರೆ ನೀರು ಹಿಂದಕ್ಕೆ ಜಾರಿ ಒತ್ತಡ ಕುಗ್ಗುತ್ತದೆ. ಒತ್ತುಯಂತ್ರವಿಲ್ಲದಿದ್ದರೆ, ಅಥವಾ ಹೊರಮೈಯೇ ತಿಂದುಹೋಗಿದ್ದರೆ, ಹೊಸ ಪಂಪನ್ನು ಹಾಕುವುದೇ ಜಾಣತನ.

ಜೋಡಿಸಿದ ಮೇಲೆ ಬೆಲ್ಟನ್ನು ಅತಿಯಾಗಿ ಬಿಗಿಯಬಾರದು. ಸಡಿಲವಾದರೆ ಅದು ಜಾರುತ್ತದೆ. ಬಿಗಿಯಾದರೆ ಹೊಸ ಬೇರಿಂಗು ಬೇಗನೆ ಕೆಡುತ್ತದೆ. ಕೊಳವೆಬಾವಿಯ ಗಡಸು ನೀರು ಕಾಫಿಪಾತ್ರೆಯಲ್ಲಿ ಬಿಡುವ ಬಿಳಿ ಹೊರೆಯೇ ಎಂಜಿನ್ನಿನೊಳಗೂ ಕಟ್ಟಿಕೊಳ್ಳುವುದರಿಂದ, ಮೆದು ನೀರಿಗೆ ತಯಾರಕರು ಸೂಚಿಸಿದ ಕೂಲೆಂಟನ್ನು ಬೆರೆಸಿ ತುಂಬಬೇಕು. ದಿನವೂ ಎಂಜಿನ್ನನ್ನು ಚಾಲೂ ಮಾಡುವ ಮುನ್ನ ಆ ಸಣ್ಣ ರಂಧ್ರದತ್ತ ಒಮ್ಮೆ ಕಣ್ಣು ಹಾಯಿಸುವುದಕ್ಕೆ ಖರ್ಚೇನೂ ಇಲ್ಲ; ಎಂಜಿನ್ನು ಉಳಿಯುವುದು ಬಹುಮಟ್ಟಿಗೆ ಅದರಿಂದಲೇ.