ಕ್ಯಾಮೆರಾ ಆನ್ ಇರಲಿ

2020ರ ಲಾಕ್‌ಡೌನ್‌ನಲ್ಲಿ ಜಿಮ್‌ಗಳಿಗೆ ಬೀಗ ಬಿದ್ದಾಗ ಮುಂಬಯಿಯ ನಾವೆಷ್ಟೋ ಮಂದಿ ಹಾಲ್‌ನಲ್ಲೇ ಮ್ಯಾಟ್ ಹಾಸಿದೆವು. ಅಕ್ಟೋಬರ್ 25ಕ್ಕೆ ಮಹಾರಾಷ್ಟ್ರದಲ್ಲಿ ಜಿಮ್‌ಗಳು ಮತ್ತೆ ತೆರೆದವು. ನಾನು ಆನ್‌ಲೈನ್ ಕ್ಲಾಸಿನಲ್ಲೇ ಉಳಿದೆ. ಉಳಿದೆ ಅಂದರೆ, ಕ್ಯಾಮೆರಾ ಆಫ್ ಮಾಡಿ, ಮ್ಯಾಟ್ ಮೇಲೆ ಕೂತು ಆಫೀಸಿನ ಮೆಸೇಜ್ ನೋಡುತ್ತಿದ್ದೆ!

ಒಂದು ದಿನ ಡೊಂಬಿವಲಿ ಸ್ಟೇಷನ್ನಿನ ಬ್ರಿಜ್ ಹತ್ತುವಾಗ ಏದುಸಿರು ಬಂತು. "ಅಪ್ಪಾ, ಸ್ವಲ್ಪ ನಿಲ್ಲೋಣ್ವಾ?" ಅಂದಳು ಮಗಳು. ನಮ್ಮಪ್ಪನಿಗೆ ನಲವತ್ತಕ್ಕೇ ಸಕ್ಕರೆ ಕಾಯಿಲೆ ಬಂದಿತ್ತು. ನನಗೀಗ ಮೂವತ್ತೆಂಟು.

ಅಂದಿನಿಂದ ಮೂರು ನಿಯಮ. ಕ್ಯಾಮೆರಾ ಆನ್, ಯಾರೋ ನೋಡುತ್ತಿದ್ದಾರೆ ಅಂದರೆ ಬೆನ್ನು ತಾನೇ ನೆಟ್ಟಗಾಗುತ್ತದೆ. ರಾತ್ರಿಯೇ ಮ್ಯಾಟ್ ಹಾಸಿಡುವುದು. ಅದೇ ಕ್ಲಾಸಿಗೆ ಬರುವ ಮುಲುಂಡಿನ ಗೆಳೆಯನಿಗೆ ಬೆಳಿಗ್ಗೆ ಆರಕ್ಕೆ ಮಿಸ್ಡ್ ಕಾಲ್. ಕೆಳಗಿನ ಮನೆಯವರ ನಿದ್ದೆ ಕೆಡದಿರಲೆಂದು ಜಿಗಿತದ ಬದಲು ಸೂರ್ಯನಮಸ್ಕಾರ.

ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ಹೇಳುವುದು ವಾರಕ್ಕೆ ಕನಿಷ್ಠ 150 ನಿಮಿಷದ ಮಧ್ಯಮ ವ್ಯಾಯಾಮ. ಅಂದರೆ ಐದು ದಿನ, ಅರ್ಧರ್ಧ ಗಂಟೆ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಅಧ್ಯಯನವೊಂದರಲ್ಲಿ ಹೊಸ ಅಭ್ಯಾಸ ಮೈಗೂಡಲು ಸರಾಸರಿ 66 ದಿನ ಬೇಕಾಯಿತು. ನಡುವೆ ಒಂದು ದಿನ ತಪ್ಪಿದ್ದರಿಂದ ದೊಡ್ಡ ನಷ್ಟವೇನೂ ಆಗಲಿಲ್ಲ. ನಿನ್ನೆ ನಿಮಗೂ ತಪ್ಪಿತೇ? ಚಿಂತೆ ಬೇಡ, ನಾಳೆ ಮ್ಯಾಟ್ ಹಾಸಿ.

ಈಗ ಬ್ರಿಜ್ ಹತ್ತುವಾಗ ಮಗಳೇ ನನ್ನ ಹಿಂದೆ.