ಇಂಬಳ ಕಚ್ಚಿದರೆ ಉಪ್ಪು ಹಾಕಬೇಕೆ, ಬೆಂಕಿ ತಾಗಿಸಬೇಕೆ?

ಮಳೆಗಾಲದಲ್ಲಿ ಕೊಡಚಾದ್ರಿಗೋ ಆಗುಂಬೆಗೋ ಚಾರಣಕ್ಕೆ ಹೊರಟರೆ ಬ್ಯಾಗಿಗೆ ಒಂದು ಪೊಟ್ಟಣ ಉಪ್ಪು ಸೇರುವುದು ಮಾಮೂಲು. ಇಂಬಳ ಹತ್ತಿದರೆ ಉಪ್ಪು ಹಾಕಿ, ಇಲ್ಲವೇ ಲೈಟರ್‌ನಿಂದ ಸುಡಿ ಎಂಬುದು ಎಲ್ಲರೂ ಕೊಡುವ ಸಲಹೆ. ಇದು ಸರಿಯೇ?

ಸರಿಯಲ್ಲ. ಉಪ್ಪು, ಬೆಂಕಿ, ಸುಣ್ಣ ಯಾವುದನ್ನು ತಾಗಿಸಿದರೂ ಇಂಬಳ ಬಿಡುತ್ತದೆ, ನಿಜ. ಆದರೆ ಬಿಡುವಾಗ ಹೊಟ್ಟೆಯಲ್ಲಿರುವುದನ್ನು ಗಾಯದೊಳಕ್ಕೇ ಕಕ್ಕಬಹುದು. ಅದರ ಹೊಟ್ಟೆಯಲ್ಲಿ ಬ್ಯಾಕ್ಟೀರಿಯಾಗಳಿರುವುದರಿಂದ ಸೋಂಕು ತಗಲುವ ಅಪಾಯ ಹೆಚ್ಚುತ್ತದೆ. ಬೆಂಕಿಯಿಂದ ನಿಮ್ಮ ಚರ್ಮವೂ ಸುಡುತ್ತದೆ.

ಕಚ್ಚಿದ್ದು ಗೊತ್ತಾಗುವುದಿಲ್ಲ, ಏಕೆ?

ಇಂಬಳವು ನೆಲದ ಮೇಲಿನ ಜಿಗಣೆ. ನಮ್ಮ ಮೈಶಾಖ, ಉಸಿರಿನ ಇಂಗಾಲದ ಡೈಆಕ್ಸೈಡ್, ಹೆಜ್ಜೆಯ ಕಂಪನ ಗುರುತಿಸಿ ಹತ್ತಿರ ಬರುತ್ತದೆ. ಅದರ ಜೊಲ್ಲಿನಲ್ಲಿ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಅಂಶಗಳಿವೆ. ಕಚ್ಚಿದಾಗ ಸಾಮಾನ್ಯವಾಗಿ ನೋವೂ ಆಗುವುದಿಲ್ಲ. ಹಾಗಾಗಿ ಕಾಲುಚೀಲ ಕೆಂಪಾದ ಮೇಲೆಯೇ ನಮಗೆ ತಿಳಿಯುವುದು.

ರಕ್ತ ನಿಲ್ಲದಿದ್ದರೆ ವಿಷ ಏರಿದೆ ಎಂದೇ?

ಅಲ್ಲ. ಇಂಬಳದಲ್ಲಿ ವಿಷವಿಲ್ಲ. ಅದು ಹೀರುವುದು ಕೆಲವೇ ಮಿಲಿಲೀಟರ್ ರಕ್ತ. ಜೊಲ್ಲಿನ ಪ್ರಭಾವ ಉಳಿದಿರುವುದರಿಂದ ಅದು ಬಿಟ್ಟ ಮೇಲೂ ಕೆಲವು ಗಂಟೆ ರಕ್ತ ಜಿನುಗಬಹುದು. ಇದೇ ಗುಣ ವೈದ್ಯರಿಗೂ ಉಪಯೋಗಕ್ಕೆ ಬಂದಿದೆ. ಔಷಧೀಯ ಜಿಗಣೆಯಲ್ಲಿ ಇಂಥ ಅಂಶವಿದೆ ಎಂದು 1884ರಲ್ಲಿ ಜಾನ್ ಹೇಕ್ರಾಫ್ಟ್ ತೋರಿಸಿದರು. ಅದಕ್ಕೆ ನಂತರ ಹಿರುಡಿನ್ ಎಂಬ ಹೆಸರು ಬಂತು. ತುಂಡಾದ ಬೆರಳನ್ನು ಮರುಜೋಡಿಸಿದಾಗ ಕಟ್ಟಿಕೊಂಡ ರಕ್ತ ತೆಗೆಯಲು ಜಿಗಣೆ ಬಳಸುವುದಕ್ಕೆ ಅಮೆರಿಕದ ಎಫ್‌ಡಿಎ 2004ರಲ್ಲಿ ಅನುಮತಿ ನೀಡಿತು.

ಹಾಗಾದರೆ ಏನು ಮಾಡಬೇಕು?

• ಇಂಬಳಕ್ಕೆ ಎರಡು ತುದಿಯಲ್ಲೂ ಹೀರುಬಟ್ಟಲುಗಳಿವೆ. ತೆಳ್ಳಗಿರುವ ತುದಿಯಲ್ಲಿ ಬಾಯಿ. ಅದರ ಪಕ್ಕದ ಚರ್ಮಕ್ಕೆ ಉಗುರನ್ನು ಒತ್ತಿ ಸರಿಸಿ, ಮೊದಲು ಬಾಯಿ ಬಿಡಿಸಿ. ಆಮೇಲೆ ದಪ್ಪ ತುದಿ ಬಿಡಿಸಿ ದೂರ ಎಸೆಯಿರಿ.
• ಜಗ್ಗಿ ಕೀಳಬೇಡಿ. ಕೈ ಹಾಕಲು ಧೈರ್ಯವಿಲ್ಲದಿದ್ದರೆ ಸುಮ್ಮನಿರಿ, ಹೊಟ್ಟೆ ತುಂಬಿದ ಮೇಲೆ ತಾನೇ ಉದುರುತ್ತದೆ.
• ಗಾಯವನ್ನು ಸೋಪು, ನೀರಿನಿಂದ ತೊಳೆದು, ಶುದ್ಧ ಬಟ್ಟೆಯಿಂದ ಒತ್ತಿ ಹಿಡಿದು ಪಟ್ಟಿ ಕಟ್ಟಿ. ತುರಿಸಿದರೂ ಕೆರೆಯಬೇಡಿ.
• ಪ್ಯಾಂಟನ್ನು ಉದ್ದ ಕಾಲುಚೀಲದೊಳಗೆ ಸೇರಿಸಿ. ಆಗಾಗ ಕಾಲು ನೋಡಿಕೊಳ್ಳಿ.

ಯಾರು ಎಚ್ಚರ ವಹಿಸಬೇಕು?

ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರು, ಹಿಮೋಫಿಲಿಯಾ ಇರುವವರು ಹೊರಡುವ ಮೊದಲೇ ವೈದ್ಯರನ್ನು ಕೇಳಬೇಕು. ಕಣ್ಣು, ಮೂಗು ಅಥವಾ ಬಾಯಿಯೊಳಗೆ ಜಿಗಣೆ ಹೊಕ್ಕರೆ, ಗಾಯ ಕೀವಾದರೆ, ಮುಖ ಊದಿಕೊಂಡರೆ, ಉಸಿರು ಕಟ್ಟಿದಂತಾದರೆ ತಡಮಾಡದೆ ಆಸ್ಪತ್ರೆಗೆ ಹೋಗಿ.

ಉಳಿದವರಿಗೆ ಇಂಬಳಕ್ಕಿಂತ ಗಾಬರಿಯೇ ಹೆಚ್ಚು ಅಪಾಯ. ಪಾಚಿ ಕಟ್ಟಿದ ಬಂಡೆಯ ಮೇಲೆ ನಿಂತು ಕಾಲು ಕೊಡವಿದರೆ ಜಾರಿ ಬೀಳುವುದು ನೀವೇ. ಮೊದಲು ಸಮತಟ್ಟಾದ ಜಾಗದಲ್ಲಿ ಕುಳಿತುಕೊಳ್ಳಿ, ಆಮೇಲೆ ಉಗುರಿಗೆ ಕೆಲಸ ಕೊಡಿ.