ಲಿನಕ್ಸ್ ಗಣಕಕ್ಕೆ ನಿಸ್ತಂತು ಅಡಾಪ್ಟರನ್ನು ಜೋಡಿಸುವ ಕ್ರಮ

ನಮ್ಮ ವಿಭಾಗದ ವಾಚನಾಲಯದಲ್ಲಿ ಶಾಸನಗಳ ಛಾಯಾಚಿತ್ರಗಳನ್ನು ಕೂಡಿಟ್ಟಿರುವ ಗಣಕಯಂತ್ರವು ಹಳೆಯದು. ಅದರಲ್ಲಿ ಲಿನಕ್ಸ್ ನಡೆಯುತ್ತಿದೆ. ಅಂತರ್ಜಾಲದ ಸಂಪರ್ಕಕ್ಕೆಂದು ಯುಎಸ್‌ಬಿ ಕಿಂಡಿಗೆ ಸಿಕ್ಕಿಸುವ ವೈಫೈ ಅಡಾಪ್ಟರೊಂದನ್ನು ಕೊಂಡುತಂದೆವು. ಸಿಕ್ಕಿಸಿದರೆ ಸಂಪರ್ಕ ದೊರೆಯಲಿಲ್ಲ. ಪೆಟ್ಟಿಗೆಯ ಮೇಲಿನ ಹೆಸರನ್ನೇ ನಂಬಿ, ಆ ಹೆಸರಿನ ಚಾಲಕ ತಂತ್ರಾಂಶವನ್ನು, ಎಂದರೆ ಡ್ರೈವರನ್ನು, ಹುಡುಕುವುದರಲ್ಲಿ ಎರಡು ದಿನ ಕಳೆದೆವು. ಇತಿಹಾಸವನ್ನು ಬೋಧಿಸುವವರು ಮಾಡಬಾರದಿದ್ದ ತಪ್ಪು ಇದು.

ಕರ್ನೆಲ್ ಒಂದು ಸಾಧನವನ್ನು ಗುರುತಿಸುವುದು ಅದರ ಮಾರಾಟದ ಹೆಸರಿನಿಂದಲ್ಲ. ಪ್ರತಿಯೊಂದು ಯುಎಸ್‌ಬಿ ಸಾಧನವೂ ತಯಾರಕನದೊಂದು, ತನ್ನದೊಂದು, ಹೀಗೆ ಎರಡು ಸಂಖ್ಯೆಗಳನ್ನು ಹೊತ್ತಿರುತ್ತದೆ. ‘ಎಲ್‌ಎಸ್‌ಯುಎಸ್‌ಬಿ’ ಎಂಬ ಆಜ್ಞೆಯನ್ನು ಕೊಟ್ಟರೆ ಇವು ತೆರೆಯ ಮೇಲೆ ಮೂಡುತ್ತವೆ. ಯಾವ ಚಾಲಕದ ಪಟ್ಟಿಯಲ್ಲಿ ಆ ಜೋಡಿಯಿದೆಯೋ ಅದನ್ನೇ ಕರ್ನೆಲ್ ಸಾಧನಕ್ಕೆ ಒಪ್ಪಿಸುತ್ತದೆ.

ಟಿಪಿ-ಲಿಂಕ್ ಸಂಸ್ಥೆಯ ‘ಟಿಎಲ್-ಡಬ್ಲ್ಯುಎನ್722ಎನ್’ ಇದಕ್ಕೆ ಪ್ರಸಿದ್ಧವಾದ ನಿದರ್ಶನ. ಅದರ ಮೊದಲ ಆವೃತ್ತಿಯೊಳಗಿರುವುದು ಅಥೆರಾಸ್ ಎಆರ್9271 ಚಿಪ್ಪು, ಸಂಖ್ಯೆ 0ಸಿಎಫ್3:9271. ಇದರ ಚಾಲಕವು 2010ರಿಂದಲೂ ಕರ್ನೆಲಿನಲ್ಲಿಯೇ ಇದೆ. ಫರ್ಮ್‌ವೇರ್ ಕಡತವೊಂದಿದ್ದರೆ ಸಾಕು. ಎರಡನೆಯ ಆವೃತ್ತಿಯಲ್ಲಿ ರಿಯಲ್‌ಟೆಕ್ ಚಿಪ್ಪು ಸೇರಿತು. ಸಂಖ್ಯೆಯೂ 2357:010ಸಿ ಎಂದಾಯಿತು. ಈ ಚಿಪ್ಪಿನ ಬಳಗಕ್ಕೆ ‘ಆರ್‌ಟಿಎಲ್8ಎಕ್ಸ್‌ಎಕ್ಸ್‌ಎಕ್ಸ್‌ಯು’ ಎಂಬ ಚಾಲಕದ ಆಶ್ರಯ ದೊರೆತದ್ದು 2023ರಲ್ಲಿ. ಹೆಸರು ಒಂದೇ, ವಂಶ ಬೇರೆ! ‘ಎಪಿಗ್ರಾಫಿಯ ಕರ್ನಾಟಿಕ’ದ ಶಾಸನವೊಂದನ್ನು ಉಲ್ಲೇಖಿಸುವವರು, ಅದು ರೈಸರ ಮೊದಲ ಮುದ್ರಣದ್ದೋ 1972ರಿಂದೀಚೆಗಿನ ಪರಿಷ್ಕೃತ ಮುದ್ರಣದ್ದೋ ಎಂಬುದನ್ನು ಹೇಳದೆ ಸಂಪುಟವನ್ನೂ ಸಂಖ್ಯೆಯನ್ನೂ ಮಾತ್ರ ಕೊಟ್ಟರೆ ಓದುಗನಿಗೆ ಆಗುವ ತೊಡಕು ನಮ್ಮ ವಿದ್ಯಾರ್ಥಿಗಳಿಗೆ ಅಪರಿಚಿತವೇನಲ್ಲ.

ನಮ್ಮ ಅಡಾಪ್ಟರಿನ ಸಂಖ್ಯೆಯನ್ನು ನೋಡಿದ ಮೇಲೆ, ಅದರ ಚಾಲಕವು ನಮ್ಮ ಕರ್ನೆಲಿನಲ್ಲಿ ಇಲ್ಲವೆಂಬುದು ಸ್ಪಷ್ಟವಾಯಿತು. ಇಂಥ ಸಂದರ್ಭದಲ್ಲಿ ಚಾಲಕದ ಮೂಲಪಾಠವನ್ನು ತಂದು ನಮ್ಮ ಗಣಕದಲ್ಲಿಯೇ ಕಟ್ಟಿಕೊಳ್ಳಬೇಕು. ಅದಕ್ಕೆ ಕರ್ನೆಲಿನ ಹೆಡರ್ ಕಡತಗಳು ಅವಶ್ಯ. ಅವು ಆಗ ನಡೆಯುತ್ತಿರುವ ಕರ್ನೆಲಿನವೇ ಆಗಿರಬೇಕು. ‘ಯುನೇಮ್ -ಆರ್’ ಎಂಬ ಆಜ್ಞೆ ಅದರ ಆವೃತ್ತಿಯನ್ನು ತಿಳಿಸುತ್ತದೆ. ಹೀಗೆ ಕಟ್ಟಿದೆವು, ಸಂಪರ್ಕ ಬಂದಿತು, ಸಂತೋಷಪಟ್ಟೆವು. ಸಂತೋಷ ಬಹುಕಾಲ ನಿಲ್ಲಲಿಲ್ಲ. ಕರ್ನೆಲ್ ನವೀಕರಣಗೊಂಡ ಮರುದಿನ, ವಿದ್ಯಾರ್ಥಿಗಳು ಪ್ರಬಂಧಗಳನ್ನು ಕಳುಹಿಸಬೇಕಾಗಿದ್ದ ಕಡೆಯ ದಿನವೇ, ಅಡಾಪ್ಟರು ಮತ್ತೆ ಮೂಕವಾಯಿತು. ಒಂದು ಕರ್ನೆಲಿಗೆಂದು ಕಟ್ಟಿದ ಚಾಲಕವನ್ನು ಮತ್ತೊಂದು ಒಪ್ಪುವುದಿಲ್ಲವೆಂಬುದನ್ನು ನಾವು ಅರಿತಿರಲಿಲ್ಲ. ಒಬ್ಬ ವಿದ್ಯಾರ್ಥಿನಿಯು ತನ್ನ ಮೊಬೈಲ್ ದೂರವಾಣಿಯನ್ನು ತಂತಿಯಿಂದ ಗಣಕಕ್ಕೆ ಜೋಡಿಸಿ ಆ ದಿನದ ಕಾರ್ಯವನ್ನು ಉಳಿಸಿದಳು.

‘ಡಿಕೆಎಂಎಸ್’ ಎಂಬ ವ್ಯವಸ್ಥೆಯಿರುವುದು ಈ ಕೊರತೆಯನ್ನು ತುಂಬುವುದಕ್ಕಾಗಿಯೇ. ಚಾಲಕದ ಮೂಲಪಾಠವನ್ನು ಅದರಲ್ಲಿ ನೋಂದಾಯಿಸಿ, ಹೊಸ ಕರ್ನೆಲಿನ ಹೆಡರುಗಳೂ ಜೊತೆಯಲ್ಲಿಯೇ ಬರುವಂತೆ ಮಾಡಿದರೆ, ಪ್ರತಿಯೊಂದು ನವೀಕರಣದಲ್ಲಿಯೂ ಚಾಲಕವನ್ನು ಅದು ತಾನೇ ಪುನಃ ಕಟ್ಟುತ್ತದೆ. ಸೆಕ್ಯೂರ್ ಬೂಟ್ ಜಾರಿಯಲ್ಲಿರುವ ಗಣಕಗಳಲ್ಲಿ ಇಷ್ಟರಿಂದಲೇ ಕೆಲಸ ಮುಗಿಯದು. ಸಹಿಯಿಲ್ಲದ ಚಾಲಕವನ್ನು ಕರ್ನೆಲ್ ಸಾಮಾನ್ಯವಾಗಿ ನಿರಾಕರಿಸುತ್ತದೆ. ಆದುದರಿಂದ ಸಹಿಯ ಕೀಲಿಯನ್ನು ಮೊದಲು ನೋಂದಾಯಿಸಿ, ಗಣಕವನ್ನು ಪುನಃ ಆರಂಭಿಸಿದಾಗ ಕಾಣಿಸುವ ನೀಲಿ ತೆರೆಯಲ್ಲಿ ಅದಕ್ಕೆ ಒಪ್ಪಿಗೆ ಕೊಡಬೇಕು.